ಕೆಂಪಿನ ಮನೆಯ ಗುಲಾಬಿ

ಗುಲಾಬಿ ಬಣ್ಣ ಕಾಮನಬಿಲ್ಲಿನಲ್ಲಿ ಇಲ್ಲ. ಕಾಮನಬಿಲ್ಲಿನ ಒಂದು ಅಂಚಿಗೆ ಕೆಂಪು, ಇನ್ನೊಂದು ಅಂಚಿಗೆ ನೇರಳೆ; ನಡುವಿನ ಯಾವ ಪಟ್ಟಿಯಲ್ಲೂ ಗುಲಾಬಿ ಕಾಣದು. ಕೆಂಪಿಗೆ ಬಿಳಿ ಬೆರೆತಾಗ ತೆಳುಗುಲಾಬಿ ಹುಟ್ಟುತ್ತದೆ. ಕೆಂಪಿಗೆ ನೀಲಿ ಬೆರೆತರೆ ಬಟ್ಟೆ ಅಂಗಡಿಯವರು ರಾಣಿ ಎನ್ನುವ ಗಾಢ ಗುಲಾಬಿ ಬರುತ್ತದೆ. ಎರಡೂ ಬೆರಕೆಯ ಬಣ್ಣಗಳೇ, ಆದ್ದರಿಂದ ಗುಲಾಬಿಯ ಗಡಿ ಯಾವಾಗಲೂ ಅಸ್ಪಷ್ಟ. ಎಲ್ಲಿಗೆ ಕೆಂಪು ಮುಗಿಯಿತು, ಎಲ್ಲಿಂದ ಗುಲಾಬಿ ಶುರುವಾಯಿತು ಎಂಬುದನ್ನು ಕಣ್ಣಿಗಿಂತ ಹೆಚ್ಚಾಗಿ ಭಾಷೆ ತೀರ್ಮಾನಿಸುತ್ತದೆ.

ಕಲಬುರಗಿ ಸೀಮೆಯ ಮಾತಿನಲ್ಲಿ ಆ ತೀರ್ಮಾನ ಬಹುಮಟ್ಟಿಗೆ ಕೆಂಪಿನ ಪರ. ಪೇರಲ ಹಣ್ಣನ್ನು ಹೋಳು ಮಾಡಿದಾಗ ಒಳಗಿನ ತಿರುಳು ಅಪ್ಪಟ ಗುಲಾಬಿ. ಆದರೂ ಅದರ ಹೆಸರು ಕೆಂಪು ಪೇರಲ. ಉಳ್ಳಾಗಡ್ಡಿಯ ಸಿಪ್ಪೆ ಗುಲಾಬಿಗೇ ಹತ್ತಿರ. ಸಂತೆಯಲ್ಲಿ ಅದು ಕೆಂಪು ಉಳ್ಳಾಗಡ್ಡಿ. ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಬಾಳೆಯದೂ ಇದೇ ಕಥೆ. ಭೌಗೋಳಿಕ ಗುರುತು ಪಡೆದ ಈ ಹಣ್ಣು ಕಾಗದಪತ್ರಗಳಲ್ಲೂ ಬಾಯಿಮಾತಿನಲ್ಲೂ ಕೆಂಪು ಬಾಳೆಯೇ. ಕಾಯಿ ಇದ್ದಾಗ ಸಿಪ್ಪೆ ಕಡುಗೆಂಪಾಗಿ ನೇರಳೆಯತ್ತ ವಾಲಿರುತ್ತದೆ. ಹಣ್ಣಾಗುತ್ತ ಬಂದಂತೆ ತಿಳಿಯಾಗಿ, ಕಿತ್ತಳೆಯೂ ಗುಲಾಬಿಯೂ ಕಲೆತ ಒಂದು ಬಣ್ಣಕ್ಕೆ ಇಳಿಯುತ್ತದೆ. ಒಳಗಿನ ತಿರುಳು ಕೆನೆಬಣ್ಣದ್ದು. ದ್ರಾಕ್ಷಿ, ನೇರಳೆ ಹಣ್ಣುಗಳಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯವೇ ಈ ಸಿಪ್ಪೆಯಲ್ಲೂ ಇದೆ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಉಳಿದ ಬಾಳೆಗಳಿಗಿಂತ ಬೆಲೆ ಹೆಚ್ಚಾಗಲು ಅದೂ ಒಂದು ಕಾರಣ.

ಕಮಲಾಪುರ ಎಂಬ ಹೆಸರಿನಲ್ಲಿಯೇ ಇನ್ನೊಂದು ಗುಲಾಬಿ ಅಡಗಿದೆ. ಕೆರೆಗಳಲ್ಲಿ ಅರಳುವ ತಾವರೆಯ ಎಸಳು ತುದಿಯಲ್ಲಿ ಗಾಢ ಗುಲಾಬಿ, ಬುಡದಲ್ಲಿ ಹೆಚ್ಚುಕಡಿಮೆ ಬಿಳಿ. ಹಳಗನ್ನಡ ಅದನ್ನು ಕರೆದದ್ದು ಕೆಂದಾವರೆ ಎಂದು. ಎಳೆ ಚಿಗುರು ಕೆಂದಳಿರು, ತುಟಿ ಕೆಂದುಟಿ. ಇವು ಯಾವುವೂ ರಕ್ತದಂಥ ಕೆಂಪಲ್ಲ. ತಾವರೆ, ತಳಿರು, ತುಟಿ ಮೂರೂ ಇವತ್ತಿನ ಕಣ್ಣಿಗೆ ಗುಲಾಬಿಯ ಬಗೆಗಳು. ‘ಕೆಂ’ ಎಂಬ ಒಂದೇ ಅಕ್ಷರ ಅಷ್ಟನ್ನೂ ತನ್ನೊಳಗೆ ಇಟ್ಟುಕೊಂಡಿತ್ತು. ಬೇರೆ ಮಾಡಿ ಹೇಳಲೇಬೇಕಾದಾಗ ನಸುಗೆಂಪು, ತೆಳುಗೆಂಪು ಎಂದು ಅಳತೆ ಹಚ್ಚಿದರೆ ಸಾಕಾಗುತ್ತಿತ್ತು. ಸಂಸ್ಕೃತದಿಂದ ಬಂದ ‘ಪಾಟಲ’ ಒಂದು ನಿಖರವಾದ ಪದ: ಬಿಳಿಯೂ ಕೆಂಪೂ ಕೂಡಿದ್ದೇ ಪಾಟಲ ಎಂದು ಅಮರಕೋಶ ಅರ್ಥ ಹೇಳುತ್ತದೆ. ಪಾದರಿ ಹೂವಿಗೂ ಅದೇ ಹೆಸರು. ಆದರೆ ಪಾಟಲ ಪಂಡಿತರ ಕಾವ್ಯದಿಂದ ಆಚೆ ಬರಲಿಲ್ಲ. ಹೊಲದಲ್ಲಿ, ಸಂತೆಯಲ್ಲಿ ಅದನ್ನು ಆಡಿದವರಿಲ್ಲ.

ಇದು ಕನ್ನಡದ ಬಡತನವಲ್ಲ. ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 1969ರಲ್ಲಿ ಹಲವು ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿ ಒಂದು ಪುಸ್ತಕ ಬರೆದರು. ಅವರ ಪ್ರಕಾರ ಭಾಷೆಗಳು ಮೊದಲು ಕಪ್ಪು ಬಿಳುಪನ್ನು, ಆಮೇಲೆ ಕೆಂಪನ್ನು ಹೆಸರಿಸುತ್ತವೆ. ಗುಲಾಬಿ, ನೇರಳೆ, ಕಿತ್ತಳೆ, ಬೂದು ಬಣ್ಣಗಳ ಸರದಿ ಕೊನೆಗೆ. ತಡವಾಗಿ ಹೆಸರು ಪಡೆಯುವ ಬಣ್ಣ ಅದನ್ನು ಯಾವುದಾದರೂ ವಸ್ತುವಿನಿಂದ ಸಾಲ ತರುತ್ತದೆ. ಕನ್ನಡದಲ್ಲಿ ಕೆಂಪು, ಕಪ್ಪು, ಬಿಳುಪು ಸ್ವಂತ ಪದಗಳು. ನೇರಳೆ ಮತ್ತು ಕಿತ್ತಳೆ ಹಣ್ಣುಗಳು, ಗುಲಾಬಿ ಹೂವು, ಬೂದು ಒಲೆಯ ಬೂದಿ. ಇಂಗ್ಲಿಷಿನ ಪಿಂಕ್ ಕೂಡ ಮೊದಲು ಒಂದು ಹೂಗಿಡದ ಹೆಸರಾಗಿತ್ತು, ಬಣ್ಣವಾದದ್ದು ಆಮೇಲೆ.

ಕನ್ನಡಕ್ಕೆ ಆ ಸಾಲ ಬಂದದ್ದು ಪಾರಸಿಯಿಂದ. ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಪಾರಸಿಯಲ್ಲಿ ಗುಲಾಬ್ ಎಂದರೆ ಹೂವಲ್ಲ, ಹೂವಿನಿಂದ ಇಳಿಸಿದ ನೀರು. ಭಾರತದ ಭಾಷೆಗಳಿಗೆ ಬರುವಾಗ ನೀರಿನ ಹೆಸರು ಹೂವಿಗೆ ಅಂಟಿತು, ಹೂವಿನಿಂದ ಬಣ್ಣಕ್ಕೆ ಹರಿಯಿತು. ಕನ್ನಡದಲ್ಲಿ ಆ ನೀರಿಗೆ ‘ಪನ್ನೀರು’ ಎಂಬ ಹೆಸರು ಇತ್ತು. ಮದುವೆಮನೆಯ ಬಾಗಿಲಲ್ಲಿ ಬಂದವರ ಮೇಲೆ ಚಿಮುಕಿಸುವುದು ಇವತ್ತಿಗೂ ಪನ್ನೀರೇ. ಹಾಗಾಗಿ ಗುಲಾಬಿ ಎಂಬ ಪದಕ್ಕೆ ಇಲ್ಲಿ ಹೂವು ಮತ್ತು ಬಣ್ಣ ಎರಡೇ ಕೆಲಸ ಉಳಿದವು.

ಈ ಪದದ ದಾರಿಯಲ್ಲಿ ಕಲಬುರಗಿ ದೊಡ್ಡ ನಿಲ್ದಾಣ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಕಟ್ಟಿ ಈ ಊರನ್ನು ರಾಜಧಾನಿ ಮಾಡಿಕೊಂಡಾಗ ದರ್ಬಾರಿನ ಭಾಷೆ ಪಾರಸಿ. ಊರಿನ ಹೆಸರೂ ಆ ನಾಲಗೆಗೆ ಸಿಕ್ಕಿ ಗುಲ್ಬರ್ಗಾ ಆಯಿತು. ‘ಗುಲ್’ ಹೂವು, ‘ಬರ್ಗ್’ ಎಲೆ ಎಂದು ಅದಕ್ಕೊಂದು ಅರ್ಥವನ್ನೂ ಹೇಳುತ್ತಾರೆ. ಅರ್ಥ ಚಂದ, ಆದರೆ ಕಲಬುರಗಿ ಎಂಬ ಕನ್ನಡ ಹೆಸರನ್ನು ಪಾರಸಿ ಕಿವಿ ಹೂವಾಗಿ ಕೇಳಿಸಿಕೊಂಡಿತು ಎನ್ನುವುದೇ ಹೆಚ್ಚು ಒಪ್ಪುವ ಮಾತು. 2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲೂ ಊರು ಕಲಬುರಗಿಯಾಯಿತು, ‘ಗುಲ್’ ಹಿಂದೆ ಸರಿಯಿತು. ಹೂವು ಮಾತ್ರ ಸರಿದಿಲ್ಲ. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾದಲ್ಲಿ ಗುಲಾಬಿ ಎಸಳು, ಹೂವಿನ ಚಾದರ ಅರ್ಪಿಸುವುದು ನಡೆದೇ ಇದೆ. ಉರುಸಿನ ಗಂಧದ ಮೆರವಣಿಗೆ ಹೊರಡುವ ತೋಟದ ಹೆಸರು ಮೆಹಬೂಬ್ ಗುಲ್ಶನ್, ಅಲ್ಲಿಯೂ ಒಂದು ‘ಗುಲ್’ ಇದೆ.

ಪದ ಹೊರಗಿನಿಂದ ಬಂತು, ಬಣ್ಣ ಮಾತ್ರ ಈ ಎರಿ ಭೂಮಿಯಲ್ಲೇ ಬೆಳೆಯುತ್ತಿತ್ತು. ಅದರ ಗಿಡ ಕುಸುಬಿ. ಹಿಂಗಾರಿ ಜೋಳದ ಹೊಲದಲ್ಲಿ ಅಕ್ಕಡಿಯಾಗಿ, ದನ ನುಗ್ಗದಂತೆ ಅಂಚಿನ ಬೇಲಿಯಾಗಿ ಬಿತ್ತುವ ಈ ಮುಳ್ಳುಗಿಡದ ಹೂವು ಹಳದಿ, ಬಾಡುತ್ತ ಬಂದಂತೆ ಕಿತ್ತಳೆ. ನೋಡಿದವರಿಗೆ ಗುಲಾಬಿಯ ಸುಳಿವೂ ಸಿಗದು. ಎಸಳಿನಲ್ಲಿ ಎರಡು ಬಣ್ಣಗಳಿವೆ: ನೀರಿಗೆ ಕರಗುವ ಹಳದಿ ಧಾರಾಳವಾಗಿ, ನೀರಿಗೆ ಕರಗದ ಕೆಂಪು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಈ ಕೆಂಪಿನ ಹೆಸರು ಕಾರ್ಥಮಿನ್. ಹಳೆಯ ಬಣ್ಣಗಾರರು ಒಣಗಿದ ಎಸಳನ್ನು ನೀರಿನಲ್ಲಿ ತುಳಿದು ತುಳಿದು ಹಳದಿಯನ್ನೆಲ್ಲ ಹರಿಯಬಿಡುತ್ತಿದ್ದರು. ಉಳಿದ ಚರಟಕ್ಕೆ ಸವಳು ಅಥವಾ ಬೂದಿನೀರು ಬೆರೆಸಿದಾಗ ಕೆಂಪು ಕರಗಿ ಹೊರಬರುತ್ತಿತ್ತು. ಅದರಲ್ಲಿ ಅರಿವೆ ಅದ್ದಿ ನಿಂಬೆಯಂಥ ಹುಳಿ ಹಿಂಡಿದರೆ ಬಣ್ಣ ನೂಲಿಗೆ ಕಚ್ಚುತ್ತಿತ್ತು. ಒಂದೆರಡು ಸಲ ಅದ್ದಿದರೆ ಎಳೆಗುಲಾಬಿ, ಮತ್ತೆ ಮತ್ತೆ ಅದ್ದಿದರೆ ಕಡುಗೆಂಪು. ಹತ್ತಿಗೂ ರೇಷ್ಮೆಗೂ ಸ್ಫಟಿಕದಂಥ ಒಗರು ಇಲ್ಲದೆಯೇ ಹಿಡಿಯುವ ಬಣ್ಣ ಇದು. ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ ಬಟ್ಟೆಯಲ್ಲೂ ಕುಸುಬಿಯ ಬಣ್ಣ ಸಿಕ್ಕಿದೆ.

ಕುಸುಬಿಯ ಈ ಬಣ್ಣಕ್ಕೆ, ಅಂದರೆ ಕುಸುಂಬಿಗೆ, ಒಂದು ಊನ ಇತ್ತು. ಬಿಸಿಲಿಗೆ ಮಾಸುತ್ತಿತ್ತು, ಸವಳು ಸಾಬೂನು ತಾಗಿದರೆ ಬಿಡುತ್ತಿತ್ತು. ಯಾವ ಕ್ಷಾರದಿಂದ ಹೊರಬಂದಿತ್ತೋ ಅದೇ ಕ್ಷಾರಕ್ಕೆ ಮರಳಿ ಹೋಗುತ್ತಿತ್ತು. ದಿನಾ ಉಡುವ ಬಟ್ಟೆಗೆ ಇದು ಒದಗದ ಬಣ್ಣ. ಆದ್ದರಿಂದಲೇ ಕುಸುಂಬಿ ಮದುವೆ, ಹಬ್ಬಗಳ ಬಟ್ಟೆಗೆ ಮೀಸಲಾಗಿತ್ತು. ಮಾಸಿದರೆ ಮುಂದಿನ ಶುಭಕಾರ್ಯಕ್ಕೆ ಮತ್ತೆ ಅದ್ದಿಸುತ್ತಿದ್ದರು. ಗುಲಾಬಿಗೂ ಸಂಭ್ರಮಕ್ಕೂ ಬಿದ್ದ ಗಂಟಿನ ಒಂದು ಎಳೆ ಈ ಬಾಳಿಕೆಯಿಲ್ಲದ ಗುಣದಲ್ಲಿದೆ. ಈಗ ಕುಸುಬಿ ಬೆಳೆಯುವುದು ಎಣ್ಣೆಗೆ, ಹುಗ್ಗಿಗೆ, ಎಳೆಯ ಎಲೆ ಪಲ್ಲೆಗೆ. ಎಸಳು ಗಿಡದಲ್ಲೇ ಒಣಗುತ್ತದೆ.

ಕಲಬುರಗಿಯ ಕಡೆಯ ಮದುವೆಗಳಲ್ಲಿ ಆಯೇರಿ ಮಾಡುವಾಗ ಗಂಡಸರ ತಲೆಗೆ ಸುತ್ತುವ ಪಟಗ ಹಲವು ಸಲ ಗುಲಾಬಿ, ಇಲ್ಲವೆ ಕೇಸರಿ. ಮೀಸೆ ತಿರುವಿದ ಹಿರಿಯರು ರಾಣಿ ಬಣ್ಣದ ಪಟಗ ಸುತ್ತಿ ಪಂಕ್ತಿಯಲ್ಲಿ ಕೂತರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಅದು ಮರ್ಯಾದೆಯ ಬಣ್ಣ. ಹೆಂಗಸರ ಇಳಕಲ್ ಸೀರೆಯ ಟೋಪಿ ಸೆರಗು ಮಾತ್ರ ಕೆಂಪು. ಮುತ್ತೈದೆತನದ ಬಣ್ಣ ಕೆಂಪು, ಆ ಪಟ್ಟ ಗುಲಾಬಿಗೆ ಎಂದೂ ಸಿಗಲಿಲ್ಲ. ಗುಲಾಬಿ ಹೆಣ್ಣಿನ ಬಣ್ಣ ಎಂಬ ಭಾವನೆ ಈ ನೆಲದ್ದಲ್ಲ, ಹಳೆಯದೂ ಅಲ್ಲ. ಅಮೆರಿಕದಲ್ಲಿ 1918ರ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು ಗುಲಾಬಿ ಗಟ್ಟಿ ಬಣ್ಣ, ಗಂಡುಮಕ್ಕಳಿಗೆ ತಕ್ಕದ್ದು, ತಿಳಿನೀಲಿ ಹೆಣ್ಣುಮಕ್ಕಳಿಗೆ ಎಂದು ಸಲಹೆ ಕೊಟ್ಟಿತ್ತು. ಈಗಿನ ಪದ್ಧತಿ ಅಲ್ಲಿಯೇ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ನಂತರ. ಭಾರತಕ್ಕೆ ಅದು ಬಂದದ್ದು ಗೊಂಬೆ, ಶಾಲಾಚೀಲ, ಜಾಹೀರಾತುಗಳ ಬೆನ್ನಿಗೆ. ಬಂದ ಮೇಲೆ ಬೇಗ ಬೇರೂರಿತು: 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸಿದ ಮತಗಟ್ಟೆಗಳಿಗೆ ಗುಲಾಬಿ ಬಟ್ಟೆ, ಬಲೂನು ಕಟ್ಟಿ ಪಿಂಕ್ ಮತಗಟ್ಟೆ ಎಂದು ಕರೆದರು. ಕಲಬುರಗಿಯ ಪಟಗಗಳನ್ನು ನೆನೆದರೆ ಈ ಬಲೂನು ತುಸು ನಗೆ ತರಿಸುತ್ತದೆ.

ಕುಸುಬಿಯ ಕಾಲ ಮುಗಿಸಿದ್ದು ಯುರೋಪಿನ ರಾಸಾಯನಿಕ ಕಾರ್ಖಾನೆಗಳು. ಫ್ರಾನ್ಸಿನ ಲಿಯಾನ್ ನಗರದಲ್ಲಿ ವರ್ಗ್ಯಾಂ ಎಂಬ ರಸಾಯನತಜ್ಞ ಡಾಂಬರಿನ ಮೂಲದಿಂದ ಫುಕ್ಸೀನ್ ಎಂಬ ಬಣ್ಣ ತೆಗೆದ. 1859ರ ಜೂನ್‌ನಲ್ಲಿ ಇಟಲಿಯ ಮಜೆಂತಾದಲ್ಲಿ ನಡೆದ ಯುದ್ಧದ ಹೆಸರು ಅದಕ್ಕೆ ಅಂಟಿ ಮಜೆಂತಾ ಆಯಿತು. ಶತಮಾನದ ಕೊನೆಯ ಹೊತ್ತಿಗೆ ರೋಡಮೀನ್ ಬಣ್ಣಗಳೂ ಸೇರಿದವು. ಚಿಟಿಕೆ ಪುಡಿಯಲ್ಲಿ ಕೊಡ ನೀರು ಕೆಂಪಾಗುವಾಗ ಎಸಳು ತುಳಿಯುವವರು ಯಾರು? ಗುಲಾಬಿ ಅಗ್ಗವಾಯಿತು, ಕಣ್ಣು ಕುಕ್ಕುವಷ್ಟು ಗಾಢವಾಯಿತು. ಛಾಯೆಗಳ ಹೆಸರೂ ಹೆಚ್ಚಿದವು. ಕಲಬುರಗಿಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕನ್ನಡ, ದಖನಿ, ಮರಾಠಿ ಮೂರೂ ಕಲೆಯುತ್ತವೆ: ರಾಣಿ, ಗಜ್ಜರಿ ಬಣ್ಣ, ಅಬೋಲಿ ಹೂವಿನ ಬಣ್ಣ, ಉಳ್ಳಾಗಡ್ಡಿ ಸಿಪ್ಪೆಯ ಪ್ಯಾಜಿ, ಜೊತೆಗೆ ಬೇಬಿ ಪಿಂಕ್. ಒಂದೂ ಪುಸ್ತಕದ ಹೆಸರಲ್ಲ. ಹೆಚ್ಚಿನವು ತರಕಾರಿ ಬುಟ್ಟಿಯಿಂದಲೋ ಹೂವಿನ ಬುಟ್ಟಿಯಿಂದಲೋ ಬಂದವು.

ಇದೇ ಅಗ್ಗದ ಬಣ್ಣ ಗುಲಾಲಿನಲ್ಲೂ ಸೇರಿತು. ಗಂಜಿಪುಡಿಗೆ ಬಣ್ಣ ಬೆರೆಸಿ ಮಾಡುವ ಗುಲಾಲು ಹೋಳಿಯ ಹೊತ್ತಿಗೆ ಅಂಗಡಿಗಳ ಮುಂದೆ ಗುಡ್ಡೆಯಾಗುತ್ತದೆ. ಆದರೆ ಗುಲಾಲು ಕಾಣಲು ಹೋಳಿಯೇ ಬರಬೇಕೆಂದಿಲ್ಲ. ಕುಸ್ತಿ ಗೆದ್ದವನ ಹೆಗಲು, ಗಣಪತಿ ಕಳಿಸುವ ಟ್ರ್ಯಾಕ್ಟರು, ಗ್ರಾಮ ಪಂಚಾಯಿತಿ ಚುನಾವಣೆಯ ಫಲಿತಾಂಶ ಬಂದ ಸಂಜೆ ಎಣಿಕೆ ಕೇಂದ್ರದ ಮುಂದಿನ ರಸ್ತೆ, ಎಲ್ಲವೂ ಗುಲಾಬಿ. ಅಂಗಿಗೆ ಗುಲಾಲು ಹತ್ತಿದೆ ಎಂದರೆ ಗೆದ್ದವರ ಕಡೆಯವನು ಎಂದೇ ಲೆಕ್ಕ.

ರೈತನಿಗೆ ಗುಲಾಬಿ ಎಂದರೆ ಇನ್ನೊಂದು ಅರ್ಥ. ಹತ್ತಿ ಬೆಳೆಯುವ ಹೊಲಗಳಲ್ಲಿ ಗುಲಾಬಿ ಎಂದರೆ ಕಾಯಿಕೊರಕ. ಬೆಳೆದ ಹುಳುವಿನ ಮೈಮೇಲೆ ಗುಲಾಬಿ ಪಟ್ಟೆಗಳು ಮೂಡುವುದರಿಂದ ಆ ಹೆಸರು. ಈ ಕೀಟವನ್ನು ವಿಜ್ಞಾನ ಮೊದಲು ಗುರುತಿಸಿದ್ದು 1840ರ ದಶಕದಲ್ಲಿ, ಗುಜರಾತಿನ ಭರೂಚ್‌ನ ಹತ್ತಿಯಲ್ಲಿ. ಕಾಯಿಯ ಹೊರಗೆ ಏನೂ ಕಾಣದು. ಒಳಗೆ ಬೀಜ ತಿಂದು, ಅರಳೆ ಕೆಡಿಸಿರುತ್ತದೆ. ಬಿಟಿ ಹತ್ತಿ ಬಂದಾಗ ಇದರ ಕಾಟ ಮುಗಿಯಿತು ಎಂದುಕೊಂಡಿದ್ದರು. 2010ರ ಹೊತ್ತಿಗೆ ಗುಜರಾತಿನಲ್ಲಿ ಮೊದಲ ತಲೆಮಾರಿನ ಬಿಟಿಯನ್ನು ಹುಳು ಅರಗಿಸಿಕೊಂಡದ್ದು ಬೆಳಕಿಗೆ ಬಂತು, ಮುಂದೆ ಎರಡನೆಯದನ್ನೂ ಜೀರ್ಣಿಸಿಕೊಂಡಿತು. ಈಗ ಮೋಹಕ ಬಲೆ ಕಟ್ಟುವುದು, ಹತ್ತಿಯ ಕಟ್ಟಿಗೆಯನ್ನು ಹೊಲದಲ್ಲಿ ಉಳಿಸದೆ ತೆಗೆಯುವುದು, ಬೆಳೆಯ ಅವಧಿ ಎಳೆಯದಿರುವುದು ಉಪಾಯಗಳಾಗಿವೆ.

2016ರ ನವೆಂಬರ್‌ನಲ್ಲಿ ಗುಲಾಬಿ ದುಡ್ಡಿನ ಬಣ್ಣವಾಯಿತು. ಹೊಸ 2000 ರೂಪಾಯಿಯ ನೋಟನ್ನು ರಿಸರ್ವ್ ಬ್ಯಾಂಕ್ ಮಜೆಂತಾ ಎಂದು ಬಣ್ಣಿಸಿತು, ಜನ ಗುಲಾಬಿ ನೋಟು ಎಂದರು. ಅದು ಅಚ್ಚಾಗುತ್ತಿದ್ದ ಜಾಗಗಳಲ್ಲಿ ಮೈಸೂರೂ ಒಂದು. ಚಿಲ್ಲರೆ ಸಿಗದೆ ಸಂತೆಯಲ್ಲಿ ಯಾರಿಗೂ ಬೇಡವಾಗಿದ್ದ ಆ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ಬ್ಯಾಂಕ್ 2023ರ ಮೇ 19ರಂದು ಪ್ರಕಟಿಸಿತು.

ಮರುವರ್ಷ ಸರದಿ ಬಾಂಬೆ ಮಿಠಾಯಿಯದು. ಜಾತ್ರೆಯಲ್ಲಿ ಮಕ್ಕಳನ್ನು ದೂರದಿಂದಲೇ ಕರೆಯುವ ಆ ಗುಲಾಬಿ ಅರಳೆಯಲ್ಲಿ ಬಟ್ಟೆಗೆ ಹಾಕುವ ರೋಡಮೀನ್-ಬಿ ಪತ್ತೆಯಾಗಿತ್ತು. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಬಣ್ಣದ ಬಾಂಬೆ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಸಕ್ಕರೆ ಕರಗಿಸಿ ಎಳೆ ತೆಗೆದ, ಬಣ್ಣ ಹಾಕದ ಮಿಠಾಯಿ ಮಾರಲು ಅಡ್ಡಿಯಿಲ್ಲ, ಅದು ಬೆಳ್ಳಗಿರುತ್ತದೆ.