ನಗರಸಭೆಯ ಹಿರಿಯ ಸದಸ್ಯ ಸರ್ ಫಿರೋಜ್‌ಶಾ ಮೆಹ್ತಾ

(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರು ಆಡಿದ ಮಾತು)



ಈ ಶುಭ ಸಂದರ್ಭದಲ್ಲಿ ನಾವು ಮುಂಬಯಿ ನಗರಸಭೆಯ ಸದಸ್ಯರೊಬ್ಬರನ್ನು ನೆನೆಯುತ್ತೇವೆ. ಅವರೇ ಸರ್ ಫಿರೋಜ್‌ಶಾ ಮೆಹ್ತಾ (1845–1915). ಮುಂಬಯಿಯವರು ನಮಗೇನು ಅನ್ನಬೇಡಿ. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಕಂದಾಯ ಬಾಕಿಗೆ ಜಪ್ತಿಯಾದ ಹೊಲವನ್ನು ಪರಭಾರೆ ಹಕ್ಕಿಲ್ಲದೆ ಮರಳಿ ಕೊಡುವ ಮಸೂದೆ 1901ರಲ್ಲಿ ಪ್ರಾಂತದ ಶಾಸನ ಸಭೆಗೆ ಬಂದಾಗ, ಗೋಖಲೆ ಮೊದಲಾದವರೊಂದಿಗೆ ವಿರೋಧಿಸಿ ಎದ್ದು ಹೊರನಡೆದವರು ಇವರು.

1890ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಆದರೂ ನಗರಸಭೆ ಸಣ್ಣದು ಅಂತ ಬಿಡಲಿಲ್ಲ. ನಲವತ್ತು ವರ್ಷ ಅಲ್ಲಿ ದುಡಿದರು, ನಾಲ್ಕು ಸಲ ಅಧ್ಯಕ್ಷರಾದರು. 1888ರ ಮುಂಬಯಿ ನಗರಸಭೆ ಕಾಯಿದೆ ರೂಪಿಸುವುದರಲ್ಲಿ ಅವರ ಪಾಲು ದೊಡ್ಡದು. ಅದರಂತೆ ಕೆಲಸ ನಡೆಸುವವರು ಕಮಿಷನರು. ಖರ್ಚಿಗೆ ಮಂಜೂರಾತಿ ಕೊಟ್ಟು ಲೆಕ್ಕ ಕೇಳುವವರು ಸದಸ್ಯರು.

ಲೆಕ್ಕ ಕೇಳುವವರಿಗೆ ವಿರೋಧ ತಪ್ಪದು. 1907ರ ಚುನಾವಣೆಯಲ್ಲಿ ಅವರನ್ನು ಕೆಡವಲು ಕೆಲವು ಆಂಗ್ಲ ಅಧಿಕಾರಿಗಳು ಕೂಟ ಕಟ್ಟಿದರು. ಎಣಿಕೆಯಲ್ಲಿ ಸೋತೂ ಬಿಟ್ಟರು. ಆಮೇಲೆ ಗೆದ್ದವರೊಬ್ಬರ ಆಯ್ಕೆ ರದ್ದಾಗಿ ಸ್ಥಾನ ದಕ್ಕಿತು. 1911ರಲ್ಲಿ ಮತ್ತೆ ಅಧ್ಯಕ್ಷರಾದರು. ಇಂದಿಗೂ ಮುಂಬಯಿ ಪಾಲಿಕೆ ಕಚೇರಿಯ ಮುಂದೆ ಅವರ ಪ್ರತಿಮೆ ನಿಂತಿದೆ.

ಬಾಂಧವರೇ, ನಮ್ಮ ಸಂಘದಲ್ಲೂ ಕಾರ್ಯದರ್ಶಿ ಕೆಲಸ ನಡೆಸುತ್ತಾರೆ, ಲೆಕ್ಕ ಕೇಳಬೇಕಾದವರು ನೀವು. ವಾರ್ಷಿಕ ಸಭೆಗೆ ಬಂದು ಸಹಿ ಹಾಕಿ, ಊಟ ಮಾಡಿ ಹೋದರೆ ಸಾಲದು. ಜಮಾ-ಖರ್ಚು ಓದಿ, ತಿಳಿಯದ್ದನ್ನು ಎದ್ದು ನಿಂತು ಕೇಳಿ. ನಿರ್ದೇಶಕರಾದ ನಮ್ಮನ್ನೂ ಕೇಳಿ, ನಾವು ಬೇಸರಪಡುವುದಿಲ್ಲ. ಕೇಳುವವರಿದ್ದರೇನೇ ಸಂಘ ಉಳಿಯುತ್ತದೆ.