ಸ್ತನದ ಗಂಟು ಮತ್ತು ಕ್ಯಾನ್ಸರ್ ಭಯ

ಸ್ತನದಲ್ಲಿ ಕಾಣಿಸಿಕೊಳ್ಳುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದಲ್ಲಿ ಬೆರಳಿಗೆ ಸಿಕ್ಕಂತಾಗಿ ಜಾರಿಹೋಗುವ ಫೈಬ್ರೋಅಡಿನೋಮಾ, ನಡುವಯಸ್ಸಿನಲ್ಲಿ ನೀರು ತುಂಬಿಕೊಳ್ಳುವ ಸಿಸ್ಟ್, ಮುಟ್ಟಿಗೆ ಮುಂಚೆ ಬಿಗಿದು ನೋಯುವ ಸ್ತನ, ಇವೆಲ್ಲ ನಿರಪಾಯದ ತೊಂದರೆಗಳು. ಇವು ಮುಂದೆ ಕ್ಯಾನ್ಸರಿಗೆ ದಾರಿಯಾಗುತ್ತವೆಯೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಒಂದೂವರೆ ಶತಮಾನ ಹಿಡಿಯಿತು.

ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1829ರಲ್ಲಿ ಸ್ತನರೋಗಗಳ ಸಚಿತ್ರ ಗ್ರಂಥ ಪ್ರಕಟಿಸಿ, ನಿರಪಾಯದ ಗಂಟುಗಳನ್ನು ಕ್ಯಾನ್ಸರಿನಿಂದ ಬೇರ್ಪಡಿಸಿ ವಿವರಿಸಿದ. 1883ರಲ್ಲಿ ಫ್ರಾನ್ಸಿನ ಪಾಲ್ ರೆಕ್ಲು ಸಿಸ್ಟ್‌ಗಳಿಂದ ತುಂಬಿದ ಸ್ತನವನ್ನು ವರ್ಣಿಸಿದ. ಅಮೆರಿಕದ ಜೋಸೆಫ್ ಬ್ಲಡ್‌ಗುಡ್ 1921ರಲ್ಲಿ, ನೀಲಿ ಗುಮ್ಮಟದಂತೆ ಉಬ್ಬಿದ ಸಿಸ್ಟ್ ಕಂಡೊಡನೆ ಸ್ತನವನ್ನೇ ತೆಗೆಯಬೇಕಾಗಿಲ್ಲ ಎಂದು ವಾದಿಸಿದ. ಆದರೂ ಬಗೆಬಗೆಯ ತೊಂದರೆಗಳಿಗೆಲ್ಲ 'ಫೈಬ್ರೋಸಿಸ್ಟಿಕ್ ರೋಗ' ಎಂಬ ಒಂದೇ ಹಣೆಪಟ್ಟಿ ಅಂಟಿಕೊಂಡಿತು. ಅದರೊಂದಿಗೆ ಭಯವೂ ಉಳಿಯಿತು.

ಗೊಂದಲ ತಿಳಿಯಾದದ್ದು 1985ರಲ್ಲಿ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ವಿಲಿಯಂ ಡುಪಾಂಟ್ ಮತ್ತು ಡೇವಿಡ್ ಪೇಜ್ ಹತ್ತು ಸಾವಿರಕ್ಕೂ ಹೆಚ್ಚು ಹಳೆಯ ಬಯಾಪ್ಸಿಗಳನ್ನು (ಪರೀಕ್ಷೆಗೆಂದು ಸ್ತನದಿಂದ ತೆಗೆದ ತುಣುಕುಗಳನ್ನು) ಮತ್ತೆ ಸೂಕ್ಷ್ಮದರ್ಶಕದಡಿ ನೋಡಿ, 3,303 ಮಹಿಳೆಯರಿಗೆ ಮುಂದೇನಾಯಿತೆಂದು ವಿಚಾರಿಸಿದರು. ಅವರು ಗಮನಿಸಿದ್ದು ಗಂಟಿನ ಗಾತ್ರವನ್ನಲ್ಲ, ಹಾಲುನಾಳದ ಒಳಗೋಡೆಯನ್ನು. ಅಲ್ಲಿ ಸಾಮಾನ್ಯವಾಗಿ ಎರಡೇ ಸಾಲು ಜೀವಕೋಶಗಳಿರುತ್ತವೆ. ಅವು ಹೆಚ್ಚಿಕೊಂಡು ನಾಳದೊಳಕ್ಕೆ ಒತ್ತರಿಸಿದರೆ ಹೈಪರ್‌ಪ್ಲೇಸಿಯಾ. ಹಾಗೆ ಹೆಚ್ಚಿದ ಕೋಶಗಳ ರೂಪ, ಜೋಡಣೆಯೂ ಕೆಟ್ಟು ಕ್ಯಾನ್ಸರನ್ನು ಹೋಲತೊಡಗಿದರೆ ಏಟಿಪಿಕಲ್ ಹೈಪರ್‌ಪ್ಲೇಸಿಯಾ.

ಬಯಾಪ್ಸಿಯಾದವರಲ್ಲಿ ಶೇ. 70ರಷ್ಟು ಮಂದಿಗೆ ಕೋಶಗಳು ಹೆಚ್ಚಿರಲಿಲ್ಲ, ಕ್ಯಾನ್ಸರ್ ಅಪಾಯವೂ ಏರಿರಲಿಲ್ಲ. ಅವರಿಗೆ ಹೋಲಿಸಿದರೆ, ಕೋಶಗಳು ಹೆಚ್ಚಿದ್ದರೂ ರೂಪ ಕೆಡದವರಲ್ಲಿ ಅಪಾಯ ಸುಮಾರು ಎರಡು ಪಟ್ಟು, ರೂಪ ಕೆಟ್ಟವರಲ್ಲಿ ಐದು ಪಟ್ಟು. ತಾಯಿ, ಅಕ್ಕತಂಗಿ ಅಥವಾ ಮಗಳಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಈ ಕೊನೆಯ ಗುಂಪಿನ ಅಪಾಯ ಇನ್ನೂ ಹೆಚ್ಚು. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ 9,087 ಮಹಿಳೆಯರ ಅಧ್ಯಯನದಲ್ಲಿ ಇದೇ ಏರುಕ್ರಮವನ್ನು ಕಂಡಿತು. ಏಟಿಪಿಕಲ್ ಬದಲಾವಣೆ ಇದ್ದವರಲ್ಲಿ ಟಾಮಾಕ್ಸಿಫೆನ್ ಮಾತ್ರೆ ಅಪಾಯವನ್ನು ಗಣನೀಯವಾಗಿ ತಗ್ಗಿಸುತ್ತದೆಂದು 1998ರ ಅಮೆರಿಕನ್ ಪ್ರಯೋಗವೊಂದು ಅದಾಗಲೇ ತೋರಿಸಿತ್ತು.

ಹೊಸ ಗಂಟು ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಬಯಾಪ್ಸಿಯಾಗಿದ್ದರೆ ವರದಿಯನ್ನು ಜೋಪಾನವಾಗಿಟ್ಟು, ಅದರಲ್ಲಿ 'ಏಟಿಪಿಕಲ್' ಎಂದು ಬರೆದಿದೆಯೇ ಎಂದು ಕೇಳಿ ತಿಳಿಯಬೇಕು. ಮುಂದಿನ ತಪಾಸಣೆ ಎಷ್ಟು ಬಾರಿ, ಹೇಗೆ ಎಂಬುದು ಬಹುಮಟ್ಟಿಗೆ ಆ ಉತ್ತರವನ್ನೇ ಅವಲಂಬಿಸಿದೆ.