ಸೀರೆಗೆ ಒಗ್ಗುವ ಸೈಕಲ್ ಮತ್ತೆ ಬರಲಿ



ಇಂದು ನಾನು ಮಾತಾಡಲು ಆರಿಸಿಕೊಂಡದ್ದು ಒಂದು ಸಾಧಾರಣ ವಸ್ತುವನ್ನು: ನಮ್ಮ ಕಾಲದ ಲೇಡೀಸ್ ಸೈಕಲ್. ಸೀಟಿನಿಂದ ಹ್ಯಾಂಡಲ್‌ವರೆಗಿನ ಅಡ್ಡ ಬಾರ್ ಅದಕ್ಕಿರಲಿಲ್ಲ. ಕಾಲೆತ್ತಿ ಹಾರಬೇಕಿರಲಿಲ್ಲ, ಹೆಜ್ಜೆಯಿಟ್ಟು ಹತ್ತಿದರಾಯಿತು. ಚೈನಿಗೆ ಪೂರ್ತಿ ಕವರ್, ಹಿಂದಿನ ಚಕ್ರಕ್ಕೆ ಸೆರಗು ಸಿಕ್ಕದಂತೆ ಜಾಲರಿ, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಗೇರ್ ಇಲ್ಲ. ಉಕ್ಕಿನ ಫ್ರೇಮ್ ಬಿರುಕು ಬಿಟ್ಟರೆ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲೇ ಬೆಸುಗೆ.

ನಮ್ಮ ಮುಂಬಯಿಯಲ್ಲೇ ಸೈಕಲ್ ತಯಾರಾಗುತ್ತಿತ್ತು. ವರ್ಲಿಯಲ್ಲಿ ಹಿಂದ್ ಸೈಕಲ್ಸ್ ಕಾರ್ಖಾನೆಯಿತ್ತು. 1980ರಲ್ಲಿ ಸಂಸತ್ತು ಕಾನೂನು ಮಾಡಿ ಅದನ್ನು ರಾಷ್ಟ್ರೀಕರಿಸಿತು, ಆದರೂ ಅದು ಉಳಿಯಲಿಲ್ಲ. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು.

ಈಗ ಅಂಧೇರಿಯಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ತೋರಿಸಿದ್ದು ದಪ್ಪ ಟೈರಿನ, ಮಡ್‌ಗಾರ್ಡ್ ಇಲ್ಲದ ಗೇರ್ ಸೈಕಲ್‌ಗಳನ್ನು. ಬಾರ್ ಇಲ್ಲದ್ದೆಂದರೆ ಶಾಲೆಯ ಹುಡುಗಿಯರ ಅಳತೆಯದು. ಐವತ್ತು ದಾಟಿದ, ಮಂಡಿ ನೋಯುವ, ಸೀರೆ ಉಡುವ ಹೆಂಗಸೂ ಸೈಕಲ್ ಕೊಳ್ಳಬಹುದೆಂದು ಯಾರಿಗೂ ಹೊಳೆದಂತಿಲ್ಲ.

ಇದು ಬರಿಯ ಹಳೆಯ ನೆನಪಿನ ಹಂಬಲವಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಅವರು ಗಂಡಸರ ಸೈಕಲ್ಲನ್ನೇ ತುಳಿದರು. ಮಗುವನ್ನು ಕೂರಿಸಲು ಬಾರ್ ಒಳ್ಳೆಯದೆಂದವರೂ ಇದ್ದರು! ನಮ್ಮ ಕರ್ನಾಟಕದಲ್ಲೂ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಾಗ ದೂರದ ಶಾಲೆ ಹತ್ತಿರವಾಯಿತು.

ಮುಂಬಯಿಯ ಟ್ರಾಫಿಕ್‌ನಲ್ಲಿ ಸೈಕಲ್ಲೇ ಎಂದು ನೀವು ಕೇಳಬಹುದು. ಹೈವೇಯಲ್ಲಿ ಬೇಡ. ಆದರೆ ಒಳಗಿನ ಗಲ್ಲಿಗಳಲ್ಲಿ ತರಕಾರಿ, ಹಾಲು, ಮೊಮ್ಮಗಳ ಟ್ಯೂಷನ್, ಮೆಟ್ರೋ ಸ್ಟೇಷನ್ ಇವೆಲ್ಲ ಹತ್ತು ನಿಮಿಷದ ದಾರಿ. ಸ್ಕೂಟರಿಗೆ ಲೈಸೆನ್ಸ್, ಪೆಟ್ರೋಲ್ ಬೇಕು. ರಿಕ್ಷಾಕ್ಕೆ ಕೈಯಲ್ಲಿ ದುಡ್ಡು ಬೇಕು. ದುಡ್ಡಿಗಾಗಿ ಇನ್ನೊಬ್ಬರ ಮುಖ ನೋಡಬೇಕಾದ ಹೆಂಗಸಿಗೆ ಸೈಕಲ್ ಎಂದರೆ ಕೇಳದೆ ಹೊರಡುವ ಸ್ವಾತಂತ್ರ್ಯ.

ಆದ್ದರಿಂದ ಎರಡು ವಿನಂತಿ. ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಹಳೆಯ ಲೇಡೀಸ್ ಸೈಕಲ್ ಇದ್ದರೆ ಭಂಗಾರಿಗೆ ಹಾಕಬೇಡಿ, ರಿಪೇರಿ ಮಾಡಿಸಿ. ಸೈಕಲ್ ಅಂಗಡಿಗೆ ಹೋದಾಗ ದೊಡ್ಡವರ ಅಳತೆಯ, ಬಾರ್ ಇಲ್ಲದ, ಗೇರ್ ಇಲ್ಲದ ಸೈಕಲ್ ಇದೆಯೇ ಎಂದು ಕೇಳಿ. ಒಬ್ಬರು ಕೇಳಿದರೆ ಇಲ್ಲ ಅನ್ನುತ್ತಾರೆ. ನಾವೆಲ್ಲ ಕೇಳುತ್ತಲೇ ಇದ್ದರೆ ಆ ಮಾತು ಲೂಧಿಯಾನದ ಕಾರ್ಖಾನೆಗೂ ಮುಟ್ಟೀತು.